ಜೆಸ್ಸಿಯ ಮೇಲಿನ ಎರಡು ಜಾಗ

"ಇರೋ ಜಾಗ ಎರಡು, ಇರೋರು ಮೂರು ಜನ. ಇವತ್ತು ಇದನ್ನ ಬಗೆಹರಿಸಿಬಿಡೋಣ," ಎಂದಳು ಶೀನಾ, ಬಾರ್ಲಿ ಸಾರನ್ನು ಮಾವನ ಬಟ್ಟಲಿಗೆ ಸುರಿಯುತ್ತ.

ಹ್ಯೂಗಿ ಬ್ರೆಮ್ನರ್ ಬ್ರೆಡ್ಡನ್ನು ಮುರಿದು ಸಾರಿನಲ್ಲಿ ಅದ್ದಿದ. ಅವನಿಗೆ ಎಪ್ಪತ್ತೊಂಬತ್ತು. ಕಿಲ್ಡೋರಿಯ ಚರ್ಚಿನ ಸ್ಮಶಾನದಲ್ಲಿ ಮೂವತ್ತೆಂಟು ವರ್ಷ ಗುಂಡಿ ತೋಡಿದವನು. ಊರಿನಲ್ಲಿ ಯಾರ ಅಜ್ಜ ಯಾರ ಪಕ್ಕದಲ್ಲಿ, ಎಷ್ಟು ಆಳದಲ್ಲಿ ಮಲಗಿದ್ದಾನೆ ಎನ್ನುವುದನ್ನು ಈಗಲೂ ಬಾಯಿಪಾಠ ಒಪ್ಪಿಸುತ್ತಿದ್ದ.

"ಉಣ್ಣೋ ಹೊತ್ತಲ್ಲಿ ಬೇಡ ಕಣೆ," ಎಂದ ಆಲಸ್ಟರ್. ಶೀನಾಳ ಗಂಡ, ಹ್ಯೂಗಿಯ ಒಬ್ಬನೇ ಮಗ. ಐವತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು. ಮೂಗಿಗೆ ಸಿಕ್ಕಿಸಿದ ನಳಿಕೆ ಮೇಜಿನ ಕೆಳಗೆ ಹಾದು ನಡುಮನೆಯ ಆಕ್ಸಿಜನ್ ಯಂತ್ರಕ್ಕೆ ಸೇರಿತ್ತು.

"ಉಣ್ಣೋ ಹೊತ್ತಲ್ಲಿ ಬೇಡ, ಕೆಮ್ಮೋ ಹೊತ್ತಲ್ಲಿ ಬೇಡ, ನರ್ಸ್ ಬಂದಾಗ ಬೇಡ. ಮತ್ಯಾವಾಗ? ನೀನು ಪೆಟ್ಟಿಗೇಲಿ ಮಲಗಿದ ಮೇಲಾ?"

ಚರ್ಚಿನ ಹಳೆಯ ಸ್ಮಶಾನದಲ್ಲಿ ಹೊಸ ಗುಂಡಿ ತೋಡುವುದು ನಿಂತು ಮೂವತ್ತು ವರ್ಷವಾಗಿತ್ತು. ಹಕ್ಕುಪತ್ರ ಇಟ್ಟುಕೊಂಡ ಮನೆತನದವರು ಮಾತ್ರ ತಮ್ಮ ಹಳೆಯ ಗುಂಡಿಯನ್ನು ತೆರೆಸಿ, ಒಂದರ ಮೇಲೊಂದು ಪೆಟ್ಟಿಗೆ ಇಳಿಸಬಹುದಿತ್ತು. ಬ್ರೆಮ್ನರ್ ಮನೆಯ ಪತ್ರದಲ್ಲಿ ಮೂರು ಪೆಟ್ಟಿಗೆ ಎಂದಿತ್ತು. ತಳದಲ್ಲಿ ಹ್ಯೂಗಿಯ ಹೆಂಡತಿ ಜೆಸ್ಸಿ, ಸಾವಿರದ ಒಂಬೈನೂರ ಎಂಬತ್ತೆರಡರ ಜನವರಿಯಿಂದ. ಅವಳ ಮೇಲೆ ಎರಡು ಜಾಗ. ಅದು ಬಿಟ್ಟರೆ ಹನ್ನೊಂದು ಮೈಲಿ ಆಚೆ, ಪೇಟೆಯ ಹೆದ್ದಾರಿ ಪಕ್ಕದಲ್ಲಿ, ಸೂಪರ್‌ಮಾರ್ಕೆಟ್ಟಿನ ಗೋದಾಮಿನ ಹಿಂದಿದ್ದ ಹೊಸ ಸ್ಮಶಾನ.

"ಮೊದಲನೇದು ಆಲಸ್ಟರ್‌ದು. ಅದರಲ್ಲಿ ಮಾತೇ ಇಲ್ಲ," ಎಂದಳು ಶೀನಾ. "ಎರಡನೇದು ಯಾರದು? ಗಂಡನ ಜೊತೆ ಹೆಂಡ್ತಿ ಇರಬೇಕಾ, ಅಪ್ಪ ಇರಬೇಕಾ?"

"ಅದು ನಮ್ಮಮ್ಮನ ಗುಂಡಿ. ಅಪ್ಪ ಅಮ್ಮನ ಜೊತೆ ಇರಬೇಕಲ್ವಾ."

"ಹಂಗಾದ್ರೆ ನನ್ನ ಎಲ್ಲಿಗೆ ಎಸೀತೀರಿ? ಸೂಪರ್‌ಮಾರ್ಕೆಟ್ಟಿನ ಹಿಂದುಗಡೆಗಾ?"

"ಅಲ್ಲಿ ಆಫರ್ ಇರುತ್ತೆ ಬಿಡಮ್ಮ, ಒಂದು ಕೊಂಡ್ರೆ ಇನ್ನೊಂದು ಪುಕ್ಕಟೆ," ಎಂದಳು ಮಗಳು ಐಲ್ಸಾ. ಹತ್ತೊಂಬತ್ತರ ಹುಡುಗಿ. ಆಲಸ್ಟರ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಮೂವರೂ ಚಮಚ ಕೆಳಗಿಟ್ಟು ಕಾದರು.

"ಮಾವ, ನೀವೇ ಹೇಳಿ. ಹಕ್ಕುಪತ್ರ ನಿಮ್ಮ ಹೆಸರಲ್ಲಿದೆ, ಒಂದು ರುಜು ಬಿದ್ರೆ ಮುಗೀತು. ಮೂವತ್ತೇಳು ವರ್ಷ ಅತ್ತೆ ಇಲ್ದೆ ಇದ್ದೋರು ನೀವು. ಇನ್ನು ಮುಂದೆನೂ ಇರಕ್ಕಾಗಲ್ವಾ?"

"ಸಾರಿಗೆ ಉಪ್ಪು ಕಮ್ಮಿ," ಎಂದ ಹ್ಯೂಗಿ.

ಶೀನಾ ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. ಮುದುಕನದು ಹಟ ಎಂದು ಅವಳು ತಿಳಿದಿದ್ದಳು. ಆಲಸ್ಟರ್ ಸಂಕೋಚ ಎಂದು ತಿಳಿದಿದ್ದ. ಎರಡೂ ಅಲ್ಲ. ಆ ಮಣ್ಣಿನಲ್ಲಿ ಎರಡು ಜಾಗ ಇರಲಿಲ್ಲ. ಒಂದೂ ಇರಲಿಲ್ಲ. ಅದು ಗೊತ್ತಿದ್ದದ್ದು ಹ್ಯೂಗಿಗೆ ಮಾತ್ರ.

ಆ ಜನವರಿಯಲ್ಲಿ ಕಿಲ್ಡೋರಿಯ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಪಕ್ಕದೂರಿನಿಂದ ಆಳು ಬರುವಂತಿರಲಿಲ್ಲ. ಹೆಂಡತಿಯ ಗುಂಡಿಯನ್ನು ಹ್ಯೂಗಿ ತಾನೊಬ್ಬನೇ ತೋಡಿದ. ಮೊದಲ ಎರಡು ಅಡಿ ಮಣ್ಣು ಹೆಪ್ಪುಗಟ್ಟಿ ಕಬ್ಬಿಣವಾಗಿತ್ತು. ಅದಕ್ಕೇ ಒಂದೂವರೆ ದಿನ ಹಿಡಿಯಿತು. ನಾಲ್ಕು ಅಡಿ ಎಂಟು ಅಂಗುಲಕ್ಕೆ ಗುಂಡಿಯ ಅಗಲಕ್ಕೂ ಹಾಸಿದ ಕಪ್ಪು ಬಂಡೆ ಸಿಕ್ಕಿತು. ಹಾರೆ ಬಗ್ಗಿತು, ಪಿಕಾಸಿಯ ಮೊನೆ ಮುರಿಯಿತು. ಮೂರನೆಯ ಸಂಜೆ ಪಾದ್ರಿ ಬಂದು, ಪೆಟ್ಟಿಗೆ ಚರ್ಚಿನೊಳಗೆ ಇನ್ನೆಷ್ಟು ದಿನ ಇರಬೇಕು ಎಂದು ಕೇಳಿದ. ಹ್ಯೂಗಿ ತಳವನ್ನು ಸಮ ಮಾಡಿ ಮೇಲೆ ಹತ್ತಿದ. ಪೆಟ್ಟಿಗೆಯ ಎತ್ತರ ಕಳೆದರೆ ಮೇಲೆ ಉಳಿದದ್ದು ಮೂರು ಅಡಿ ನಾಲ್ಕು ಅಂಗುಲ ಮಣ್ಣು. ಪೆಟ್ಟಿಗೆಯ ಮೇಲೆ ಮೂರು ಅಡಿ ಮಣ್ಣು ಇರಲೇಬೇಕು ಎಂಬುದು ಕಾನೂನು. ಆದರೂ ಚರ್ಚಿನ ಪುಸ್ತಕದಲ್ಲಿ, ಮನೆತನದ ಗುಂಡಿಗೆಲ್ಲ ಬರೆಯುವಂತೆ, 'ಮೂರು' ಎಂದು ಬರೆದ. ಆಸ್ಪತ್ರೆಯಲ್ಲಿ ಜೆಸ್ಸಿ, "ನಿಂಗೂ ಹುಡುಗಂಗೂ ಜಾಗ ಇರೋ ಹಂಗೆ ತೋಡ್ತೀಯಲ್ಲ?" ಎಂದು ಕೇಳಿದ್ದಳು. ತೋಡ್ತೀನಿ ಎಂದಿದ್ದ. ಮುಂದಿನ ಸರದಿ ಹೇಗೂ ತನ್ನದು, ಬೇರೆಯವರಿಗೆ ತಿಳಿಯುವ ಹೊತ್ತಿಗೆ ತನ್ನನ್ನು ಕೇಳುವವರು ಯಾರೂ ಇರುವುದಿಲ್ಲ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದ. ಮಗ ತನಗಿಂತ ಮೊದಲು ಹೊರಡುತ್ತಾನೆಂದು ಎಣಿಸಿರಲಿಲ್ಲ.

ಆಲಸ್ಟರ್ ಕಲ್ಲು ಕೆತ್ತುವವನು. ಗೋರಿಕಲ್ಲಿಗೆ ಅಕ್ಷರ ಕೆತ್ತುವುದು, ಚರ್ಚಿನ ಸುತ್ತಲಿನ ಹಳೆಯ ಕಲ್ಲುಗಳನ್ನು ದುರಸ್ತಿ ಮಾಡುವುದು ಅವನ ಕಸುಬು. ನೇಕಾರನ ಲಾಳಿ ಕೆತ್ತಿದ ಕಲ್ಲು, ದರ್ಜಿಯ ಕತ್ತರಿ ಇರುವ ಕಲ್ಲು, ಬುರುಡೆ ಮತ್ತು ಮರಳುಗಡಿಯಾರದ ಸಾವಿರದ ಏಳುನೂರ ಮೂವತ್ತೊಂದರ ಕಲ್ಲು, ಎಲ್ಲಕ್ಕೂ ಅವನ ಕೈ ತಾಗಿತ್ತು. ಪೂರ್ವಜರನ್ನು ಹುಡುಕಿಕೊಂಡು ಕೆನಡಾದಿಂದ ಬಂದವರು ಆ ಬುರುಡೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆದರೆ ಮರಳುಗಲ್ಲೆಂದರೆ ಬಹುಪಾಲು ಸ್ಫಟಿಕವೇ. ಉಳಿ ಬಿದ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಕೆಮ್ಮಿದರೆ ಹೊರಗೆ ಬರುತ್ತದೆ. ಕಾಣದಷ್ಟು ನುಣ್ಣಗಿನದು ಪುಪ್ಪುಸದ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಒಂದೊಂದು ಕಣದ ಸುತ್ತಲೂ ಪುಪ್ಪುಸ ಗಟ್ಟಿಯಾಗುತ್ತ ಹೋಗುತ್ತದೆ. ಮೂವತ್ತು ವರ್ಷದಲ್ಲಿ ಆಲಸ್ಟರನ ಎದೆಯ ಎಕ್ಸ್-ರೇ ಚಿತ್ರ ಆಲಿಕಲ್ಲು ಸುರಿದಂತೆ ಕಾಣುತ್ತಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗಿನ ಗಂಜಿ ಕುಡಿಯುತ್ತ ಅವನು ಹೇಳಿದ: "ಅಮ್ಮನ ಕಲ್ಲಿನ ಮೇಲೆ ನನ್ನ ಹೆಸರು ನಾನೇ ಕೆತ್ತಬೇಕು."

ಶೀನಾ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು. "ತಲೆ ಕೆಟ್ಟಿದೆಯಾ? ಆ ಧೂಳೇ ನಿನ್ನ ತಿಂತಿರೋದು. ಇನ್ನೊಂದಿಷ್ಟು ಬಡಿಸ್ಕೋತೀಯಾ?"

"ನೀರು ಬಿಡ್ತಾ ಕೆತ್ತಿದ್ರೆ ಧೂಳು ಏಳಲ್ಲ. ಅಪ್ಪ ನೀರು ಹಿಡೀತಾನೆ. ಅಲ್ವಾ ಅಪ್ಪ?"

ಹ್ಯೂಗಿ ಗಂಜಿಯ ಬಟ್ಟಲು ನೋಡಿದ. "ರೋರಿ ಕೈಲಿ ಮಾಡಿಸಬಹುದಲ್ಲ. ಆಮೇಲೆ."

"ರೋರಿಗೆ ಅಕ್ಷರದ ಮಧ್ಯೆ ಎಷ್ಟು ಜಾಗ ಬಿಡಬೇಕು ಅಂತ ಇವತ್ತಿಗೂ ಬರಲ್ಲ. ನಾನೇ ಕಲಿಸಿದ್ದು, ನಂಗೊತ್ತು. ಅಮ್ಮನ ಕೆಳಗೆ ನಾನು ವಕ್ರವಾಗಿ ನಿಂತ್ಕೋಬೇಕಾ?"

ಐಲ್ಸಾ ವ್ಯಾನು ಓಡಿಸಿದಳು, ಸಣ್ಣ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡಳು. ಆರು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಆಲಸ್ಟರ್ ಮಡಚುವ ಕುರ್ಚಿಯಲ್ಲಿ ಕೂತು ಏಳೆಂಟು ಏಟು ಹಾಕುತ್ತಿದ್ದ, ಕೊಡತಿ ಕೆಳಗಿಡುತ್ತಿದ್ದ, ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಯಂತ್ರ ನೋಡುತ್ತಿದ್ದ. ಎಂಬತ್ತನಾಲ್ಕು ಎಂದು ತೋರಿಸಿದರೆ ಎಂಬತ್ತೆಂಟಕ್ಕೆ ಏರುವ ತನಕ ಕಣ್ಣು ಮುಚ್ಚಿ ಕಾಯುತ್ತಿದ್ದ. ಹ್ಯೂಗಿ ಪಕ್ಕದಲ್ಲಿ ನಿಂತು ಪ್ಲಾಸ್ಟಿಕ್ ಬಾಟಲಿ ಹಿಂಡಿ ಉಳಿಯ ಮೊನೆಗೆ ನೀರು ಬಿಡುತ್ತಿದ್ದ. ಹಾಲಿನಂಥ ಕೆಸರು ಜೆಸ್ಸಿ ಗೆಡೆಸ್ ಎಂಬ ಅಮ್ಮನ ತವರು ಹೆಸರಿನ ಕೆಳಗಿನಿಂದ ಹರಿದು ಹುಲ್ಲಿಗೆ ಇಳಿಯುತ್ತಿತ್ತು.

ಮೂರನೆಯ ದಿನ ಆಲಸ್ಟರ್ ಉಸಿರು ಕಾಯುತ್ತ ಕೇಳಿದ: "ಅವತ್ತು ನೀನೊಬ್ನೇ ತೋಡಿದ್ದಲ್ವಾ ಅಪ್ಪ?"

"ಹೂಂ. ಯಾರೂ ಬರೋ ಹಾಗಿರಲಿಲ್ಲ."

"ಮಹಡಿ ಕಿಟಕಿಯಿಂದ ನೋಡ್ತಿದ್ದೆ. ಎರಡು ದಿನ ನಿನ್ನ ಟೊಪ್ಪಿಗೆ ಕಾಣ್ತಿತ್ತು. ಮೂರನೇ ದಿನ ಟೊಪ್ಪಿಗೇನೂ ಕಾಣಲಿಲ್ಲ. ಅಪ್ಪ ಎಷ್ಟು ಆಳಕ್ಕೆ ಹೋಗ್ಬಿಟ್ಟ ಅಂತ ಭಯ ಆಗಿತ್ತು ನಂಗೆ."

ಟೊಪ್ಪಿಗೆ ಕಾಣದಿದ್ದುದು ಅವನು ಮಂಡಿಯೂರಿ ಬಂಡೆ ಕುಟ್ಟುತ್ತಿದ್ದುದರಿಂದ. ಹ್ಯೂಗಿ ಬಾಯಿ ತೆರೆದ. ಐಲ್ಸಾ ಸಿಲಿಂಡರಿನ ಮುಳ್ಳು ನೋಡಿ, "ಅಪ್ಪ, ಇನ್ನು ಹತ್ತು ನಿಮಿಷ ಅಷ್ಟೇ," ಎಂದಳು.

"ನೀರು," ಎಂದ ಆಲಸ್ಟರ್, ಉಳಿ ಎತ್ತಿಕೊಂಡು. ಹ್ಯೂಗಿ ನೀರು ಬಿಟ್ಟ.

ಆರನೆಯ ದಿನ ಮುಗಿಸಿ ಆಲಸ್ಟರ್ ಒದ್ದೆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. ಹುಟ್ಟಿದ ವರ್ಷ ಇತ್ತು, ಇನ್ನೊಂದು ವರ್ಷಕ್ಕೆ ಜಾಗ ಇತ್ತು. ಅದರ ಕೆಳಗೆ ಒಂದು ಗೇಣು ಖಾಲಿ ಬಿಟ್ಟಿದ್ದ. "ಇದು ನಿಂಗೆ," ಎಂದ ಅಪ್ಪನಿಗೆ. "ಶೀನಾ ಹೇಗಾದ್ರೂ ಒಪ್ತಾಳೆ. ನಾನು ಮಾತಾಡ್ತೀನಿ."

ಶೀನಾ ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಮಾವನ ಅಂಗಿಗಳು ಬುಟ್ಟಿಯ ತಳದಲ್ಲೇ ಉಳಿಯತೊಡಗಿದವು. ಮೀನು ಹುರಿದರೆ ಅವನ ತಟ್ಟೆಗೆ ಬಾಲದ ಕಡೆ ಬೀಳುತ್ತಿತ್ತು. ಅವನು ತನ್ನ ಚಹಾ ತಾನೇ ಮಾಡಿಕೊಂಡ, ಅಂಗಿಗಳನ್ನು ಬಚ್ಚಲಿನಲ್ಲಿ ಹಿಂಡಿ ಒಲೆಯ ಮುಂದೆ ಹರವಿದ. ಒಲೆಯ ಮುಂದೆ ಹರವಿದ್ದಕ್ಕೂ ಜಗಳವಾಯಿತು.

"ಇಪ್ಪತ್ತೆರಡು ವರ್ಷ ಈ ಮನೇಲಿ ಬೇಯಿಸಿ ಹಾಕಿದ್ದೀನಿ," ಎಂದಳು ಶೀನಾ, ಒದ್ದೆ ಅಂಗಿಗಳನ್ನು ಕುರ್ಚಿಯಿಂದ ಎಳೆದು ಹಾಕುತ್ತ. "ನಿಮ್ಮ ಮಗನ ಮಲಮೂತ್ರ ಬಳೀತಿದ್ದೀನಿ. ಕೊನೆಗೆ ಆರಡಿ ಮಣ್ಣು ಕೇಳಿದ್ರೆ ಒಂದು ಮಾತಿಲ್ಲ! ಇಲ್ಲ ಅಂತನಾದ್ರೂ ಅನ್ನಿ, ಜಗಳ ಆಡಕ್ಕಾದ್ರೂ ಆಗುತ್ತೆ."

"ತಾತ, ಕೊಟ್ಬಿಡು," ಎಂದಳು ಐಲ್ಸಾ. "ಅಜ್ಜಿ ಏನೂ ಬೇಜಾರು ಮಾಡ್ಕೊಳ್ಳಲ್ಲ. ನಿನ್ನ ಗೊರಕೆಯಿಂದ ತಪ್ಪಿಸ್ಕೊಂಡೆ ಅಂತಾಳೆ."

"ಕೊಡೋಕೆ ಆಗಲ್ಲ ಪುಟ್ಟಿ."

"ಯಾಕೆ ಆಗಲ್ಲ?" ಶೀನಾ ಸೊಂಟದ ಮೇಲೆ ಕೈಯಿಟ್ಟಳು. ಹ್ಯೂಗಿ ನೆಲದ ಮೇಲಿನ ಅಂಗಿಗಳನ್ನು ಆರಿಸತೊಡಗಿದ. "ಸರಿ. ಸ್ಮಶಾನ ನೋಡ್ಕೊಳ್ಳೋ ಕೌನ್ಸಿಲ್‌ಗೆ ಫೋನ್ ಮಾಡಿದ್ದೀನಿ. ಗುರುವಾರ ಅವರ ಕಡೆಯವನು ಬರ್ತಾನೆ. ಸರಳು ಚುಚ್ಚಿ ನೋಡಿ, ಎರಡು ಜಾಗ ಇದೆ ಅಂತ ಬರೆದು ಕೊಡ್ತಾನಂತೆ. ಅದನ್ನ ಹಿಡ್ಕೊಂಡು ವಕೀಲರ ಹತ್ರ ಹೋಗ್ತೀನಿ. ಸೊಸೆ ಅಂತ ಬಿಟ್ಟುಬಿಡ್ತಾಳೆ ಅಂದ್ಕೋಬೇಡಿ."

ಸರಳು ಎಂದರೇನೆಂದು ಹ್ಯೂಗಿಗೆ ಗೊತ್ತಿತ್ತು. ಅದೇ ಸರಳನ್ನು ಅವನು ನೂರಾರು ಗುಂಡಿಗಳಲ್ಲಿ ಚುಚ್ಚಿದ್ದ. ಮಣ್ಣಿಗೆ ತಾಗಿದರೆ ಒಂದು ಸದ್ದು, ಮರಕ್ಕೆ ಒಂದು, ಬಂಡೆಗೆ ಒಂದು.

ಬುಧವಾರ ಮಧ್ಯಾಹ್ನ ಕೊಚ್ಚಿದ ಮಾಂಸ, ಬೇಯಿಸಿ ಹಿಸುಕಿದ ಆಲೂಗಡ್ಡೆ. ಆಲಸ್ಟರನ ತಟ್ಟೆಯಲ್ಲಿ ಮೂರು ಚಮಚ ಮಾತ್ರ. ಹ್ಯೂಗಿ ತನ್ನ ಫೋರ್ಕನ್ನು ತಟ್ಟೆಯ ಅಂಚಿಗೆ ನೇರವಾಗಿ ಇಟ್ಟ.

"ನಾಳೆ ಅವನು ಬರೋದು ಬೇಡ."

"ಹೂಂ, ಬಂತು ಬಾಯಿಗೆ ಮಾತು," ಎಂದಳು ಶೀನಾ. "ಯಾಕೆ, ಹೆದರಿಕೆನಾ?"

"ಅಲ್ಲಿ ಜಾಗ ಇಲ್ಲ."

"ನಂಗಿಲ್ಲ ಅನ್ನೋದು ಗೊತ್ತಾಗಿದೆ, ಬಿಡಿ."

"ಯಾರಿಗೂ ಇಲ್ಲ. ನಾಲ್ಕಡಿ ಎಂಟಂಗುಲಕ್ಕೆ ಬಂಡೆ ಸಿಕ್ತು. ಅಲ್ಲಿಗೇ ನಿಲ್ಲಿಸ್ದೆ. ಜೆಸ್ಸಿ ಬಂಡೆ ಮೇಲೇ ಇದ್ದಾಳೆ. ಅವಳ ಮೇಲೆ ಇನ್ನೊಂದು ಪೆಟ್ಟಿಗೆ ಕೂರಲ್ಲ."

"ಪುಸ್ತಕದಲ್ಲಿ ಮೂರು ಅಂತ ಇದೆಯಲ್ಲ! ಹಕ್ಕುಪತ್ರದಲ್ಲೂ ಇದೆ!"

"ಪುಸ್ತಕ ಬರೆದೋನು ನಾನೇ."

ನಡುಮನೆಯ ಯಂತ್ರದ ಗುಯ್‌ಗುಡುವಿಕೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆಲಸ್ಟರ್ ಒರೆಸುವ ಬಟ್ಟೆಯನ್ನು ಎರಡು ಸಲ ಮಡಚಿ ಮೇಜಿನ ಮೇಲಿಟ್ಟ.

"ಬಂಡೆ ಸಿಕ್ಕಿದ್ದು ತಪ್ಪಲ್ಲ," ಎಂದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಯಾರಿಗಾದ್ರೂ ಸಿಗುತ್ತೆ. ಆ ಚಳೀಲಿ, ಒಬ್ನೇ. ಅದಕ್ಕೆ ನಾನೇನೂ ಅನ್ನಲ್ಲ."

"ಆಲಸ್ಟರ್…"

"ಆರು ದಿನ ನೀರು ಹಿಡ್ಕೊಂಡು ನಿಂತಿದ್ದೆ ನೀನು."

ಹ್ಯೂಗಿ ತಲೆ ತಗ್ಗಿಸಿದ.

"ಒಂದೊಂದು ಅಕ್ಷರಕ್ಕೂ ಉಸಿರು ಎಣಿಸಿ ಎಣಿಸಿ ಕೊಟ್ಟೆ. ಇನ್ನೆಷ್ಟು ಉಳಿದಿದೆ ನನ್ ಹತ್ರ? ನೋಡ್ತಾ ನಿಂತಿದ್ದೆ. ನೀರು ಅಂದಾಗೆಲ್ಲ ನೀರು ಬಿಟ್ಟೆ."

"ಹೇಳಬೇಕು ಅಂತ ದಿನಾ ಹೊರಟೆ ಕಣೋ."

"ದಿನಾ ಹೊರಟೆ."

ಐಲ್ಸಾ ಅಳುತ್ತಿದ್ದಳು. "ಅಪ್ಪ, ಸುಟ್ಟರೆ… ಬೂದಿಗೆ ಒಂದೂವರೆ ಅಡಿ ಸಾಕು. ಅಜ್ಜಿ ಜೊತೇನೇ ಇರಬಹುದು. ಕೌನ್ಸಿಲ್‌ನವರೂ ಬೇಡ ಅನ್ನಲ್ಲ."

"ಸುಡೋದು ಬೇಡ ಅಂತ ಮೊದಲ ದಿನಾನೇ ಹೇಳಿದ್ದೀನಿ. ನಿಮ್ಮ ತಾತನ ಸುಳ್ಳು ಮುಚ್ಚೋಕೆ ನನ್ನ ಬೂದಿ ಬೇಕಾ?" ಅವನು ಶೀನಾಳ ಕಡೆ ತಿರುಗಿದ. "ಪೇಟೆ ಸ್ಮಶಾನದಲ್ಲಿ ಜಾಗ ತಗೋ. ಮೂರರದ್ದು. ಗೋದಾಮಿನ ಹಿಂದೆ ಆದ್ರೆ ಏನಂತೆ."

"ಕಲ್ಲಿನ ಮೇಲಿನ ಹೆಸರು?" ಎಂದಳು ಶೀನಾ ಮೆಲ್ಲಗೆ.

"ಇರಲಿ. ಅದರ ಕೆಳಗೆ ರೋರಿ ಹತ್ರ ಒಂದು ಸಾಲು ಹಾಕ್ಸು. ಬೇರೆ ಕಡೆ ಹೂಳಲಾಗಿದೆ ಅಂತ. ಅಪ್ಪನಿಗೆ ಅಂತ ಬಿಟ್ಟಿರೋ ಜಾಗ ಅದಕ್ಕೆ ಸರಿಹೋಗುತ್ತೆ."

ಗುರುವಾರ ಕೌನ್ಸಿಲ್‌ನವನು ಬಂದೇ ಬಂದ. ಸರಳು ಚುಚ್ಚಿದ, ಪಕ್ಕಕ್ಕೆ ಸರಿದು ಮತ್ತೆ ಚುಚ್ಚಿದ, ಹ್ಯೂಗಿಯ ಮುಖ ನೋಡಿದ, ಏನೋ ಬರೆದುಕೊಂಡು ಹೋದ. ಸಂಜೆಯೊಳಗೆ ಅಂಗಡಿಯಲ್ಲಿ ಸುದ್ದಿ. ತಮ್ಮ ಮನೆಯ ಗುಂಡಿಯ ಪತ್ರ ಹುಡುಕಿ ತೆಗೆದವರು ಒಬ್ಬಿಬ್ಬರಲ್ಲ. ಮೂವರು ಮನೆಯ ತನಕ ಬಂದು ಬಾಗಿಲಲ್ಲೇ ಕೇಳಿದರು: "ನಮ್ಮದು ಸರಿಯಾಗಿದೆ ತಾನೇ ಹ್ಯೂಗಿ?" ಸರಿಯಾಗಿದೆ ಎಂದು ಅವನು ಹೇಳಿದ. ಅವರು ನಂಬಿದರೋ ಇಲ್ಲವೋ, ಒಳಗೆ ಬರಲಿಲ್ಲ.

ಆಲಸ್ಟರ್ ಆಮೇಲೆ ಹತ್ತೊಂಬತ್ತು ದಿನ ಇದ್ದ. ಅಪ್ಪನೊಡನೆ ಜಗಳ ಆಡಲಿಲ್ಲ, ಮಾತೂ ಆಡಲಿಲ್ಲ. ಹ್ಯೂಗಿ ಹಾಸಿಗೆಯ ಪಕ್ಕ ಕೂತು ಲೋಟ ಎತ್ತಿದರೆ ಅವನು ಕಣ್ಣು ಮುಚ್ಚಿ, "ಐಲ್ಸಾ, ನೀರು," ಎನ್ನುತ್ತಿದ್ದ. ಐಲ್ಸಾ ಬಂದು ತಾತನ ಕೈಯಿಂದ ಲೋಟ ತೆಗೆದುಕೊಂಡು ಕುಡಿಸುತ್ತಿದ್ದಳು. ಐವತ್ತು ತುಂಬಲು ನಾಲ್ಕು ದಿನ ಇರುವಾಗ, ಬೆಳಗಿನ ಚಹಾ ಹೊತ್ತಿಗೆ ಹೋದ. ಯಂತ್ರವನ್ನು ಯಾರು ನಿಲ್ಲಿಸಬೇಕೆಂದು ಯಾರಿಗೂ ತೋಚದೆ ಅದು ಮಧ್ಯಾಹ್ನದ ತನಕ ಓಡುತ್ತಲೇ ಇತ್ತು.

ಅಂತ್ಯಕ್ರಿಯೆಯ ವ್ಯವಸ್ಥೆಯ ಟಾಷ್ ಬಂದು ಎಂಟು ಬಿಳಿ ಚೀಟಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಪೆಟ್ಟಿಗೆ ಇಳಿಸುವ ಹಗ್ಗ ಎಂಟು. ಒಂದೊಂದಕ್ಕೆ ಒಂದೊಂದು ಚೀಟಿ, ಚೀಟಿ ಸಿಕ್ಕವರು ಹಗ್ಗ ಹಿಡಿಯುತ್ತಾರೆ. ಶೀನಾ ಒಂದು ಹಾಳೆ ಕೊಟ್ಟಳು. ಆಲಸ್ಟರನದೇ ಬರಹ, ಸಾಲುಗಳ ನಡುವೆ ಅಳೆದಿಟ್ಟಂತೆ ಜಾಗ. ಒಂದನೆಯದು ತಲೆಯ ಕಡೆ, ಐಲ್ಸಾ. ಎರಡನೆಯದು ಕಾಲಿನ ಕಡೆ, ಶೀನಾ. ಮೂರನೆಯದು ಶೀನಾಳ ತಮ್ಮ, ನಾಲ್ಕನೆಯದು ರೋರಿ. ಟಾಷ್ ಎಂಟರವರೆಗೆ ಓದಿ, ಹಾಳೆಯನ್ನು ತಿರುವಿ ಹಿಂದೆಯೂ ನೋಡಿದ.

"ಅಪ್ಪಂದು ಬಿಟ್ಟು ಹೋಗಿರಬೇಕು. ತಲೆಯ ಕಡೆ ಅವರಿಗೆ ಕೊಡೋಣ್ವಾ?"

"ಅವನು ಬರೆದ ಹಾಗೇ ಆಗಲಿ," ಎಂದಳು ಶೀನಾ.

"ಹಾಗೇ ಆಗಲಿ," ಎಂದ ಹ್ಯೂಗಿ, ಒಲೆಯ ಹತ್ತಿರದಿಂದ.

ಟಾಷ್ ಹೋದ ಮೇಲೆ ಶೀನಾ ಚಹಾ ಲೋಟಗಳನ್ನು ತೊಳೆದಳು, ಒರೆಸಿ ಗೂಡಿನಲ್ಲಿಟ್ಟಳು. ಮಾವನ ಕೋಟನ್ನು ಗೂಟದಿಂದ ತೆಗೆದು ಅವನ ಮುಂದೆ ಹಿಡಿದಳು.

"ಹಾಕ್ಕೊಳ್ಳಿ. ನಿಮಗೆ ಬೇರೆ ಕೆಲಸ ಇದೆ. ನಿಮ್ಮ ಅಳತೆ ಕೋಲು ಎಲ್ಲಿ?"

"ಶೆಡ್ಡಲ್ಲಿ."

"ತಗೊಂಡು ಬನ್ನಿ."

ಹನ್ನೊಂದು ಮೈಲಿ ಅವಳೇ ಕಾರು ಓಡಿಸಿದಳು. ಪೇಟೆ ಬಂದಾಗ, ಕೇಳದೆಯೇ ಹೇಳಿದಳು: "ಮೂರನೇದು ಐಲ್ಸಾಗೆ. ಅವಳಿಗೆ ಬೇಕಂದ್ರೆ."

ಹೊಸ ಸ್ಮಶಾನದಲ್ಲಿ ಜಿನುಗು ಮಳೆ. ಕಾಂಕ್ರೀಟಿನ ಪಟ್ಟಿಯ ಮೇಲೆ ಒಂದೇ ಎತ್ತರದ ಕಪ್ಪು ಕಲ್ಲುಗಳ ಸಾಲು. ಅಗೆಯುವ ಯಂತ್ರ ಪಕ್ಕಕ್ಕೆ ನಿಂತಿತ್ತು, ಇಬ್ಬರು ಆಳುಗಳು ವ್ಯಾನಿನಲ್ಲಿ ಕೂತು ಬನ್ನು ತಿನ್ನುತ್ತಿದ್ದರು. ಶೀನಾ ತಾನು ರುಜು ಹಾಕಬೇಕಿದ್ದ ಹೊಸ ಗುಂಡಿಯ ಕಾಗದ ತೋರಿಸಿ, "ಮೂರಕ್ಕೆ ತೋಡಿದ್ದೀರಾ?" ಎಂದಳು.

"ಮೂರಕ್ಕೇ ಮೇಡಂ," ಎಂದು ಅವರಲ್ಲಿ ಹಿರಿಯವನು ಹಲಗೆ ಸರಿಸಿದ.

ಹ್ಯೂಗಿ ಬಗ್ಗಿ ನೋಡಿದ. "ಆರೂವರೆ ಇರಬಹುದು. ಎರಡಕ್ಕೆ ಸಾಲುತ್ತೆ."

"ನಿಮ್ಮ ಕಣ್ಣಳತೆ ನಂಗೆ ಬೇಡ. ಅಳೀರಿ."

ಅವನು ಒದ್ದೆ ಹಲಗೆಯ ಮೇಲೆ ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿದ. ಕೋಲು ಇಳಿಸಿದ. "ಆರಡಿ ಏಳಂಗುಲ."

"ಕೆಳಗೆ ನೀರು ಬರ್ತಿದೆ ತಾತ," ಎಂದ ಆಳು, ಬನ್ನಿನ ಚೂರು ಒರೆಸಿಕೊಳ್ಳುತ್ತ. "ಗಟ್ಟಿ ಜೇಡಿ ಬೇರೆ. ಎರಡಕ್ಕಾಗುತ್ತಲ್ಲ, ಸಾಕು. ಮೂರನೆಯವರು ಬರೋ ಹೊತ್ತಿಗೆ ನಾನೂ ಇರಲ್ಲ, ನೀವೂ ಇರಲ್ಲ. ಯಾರಿಗೆ ಗೊತ್ತಾಗುತ್ತೆ?"

ಹ್ಯೂಗಿ ಮಂಡಿಯ ಮೇಲೇ ಇದ್ದ. ಶೀನಾ ಅವನನ್ನು ನೋಡುತ್ತಿದ್ದಳು.

"ಪಂಪು ತಂದು ನೀರು ತೆಗೀರಿ," ಎಂದ. "ಇನ್ನೂ ಒಂದೂವರೆ ಅಡಿ ಹೋಗಬೇಕು."

"ಕತ್ತಲಾಗುತ್ತೆ. ಅಷ್ಟಕ್ಕೂ ಹೇಳೋಕೆ ನೀವ್ಯಾರು?"

"ಸತ್ತವನ ಅಪ್ಪ," ಎಂದಳು ಶೀನಾ. "ತೋಡಿ. ಇಲ್ಲಾಂದ್ರೆ ಈ ಕಾಗದಕ್ಕೆ ನನ್ನ ರುಜು ಬೀಳಲ್ಲ, ನಾಳೆ ಪೆಟ್ಟಿಗೆ ನಿಮ್ಮ ಆಫೀಸಿನ ಮೇಜಿನ ಮೇಲೆ ಬಂದು ಕೂರುತ್ತೆ."

ಪಂಪು ಬಂತು. ಯಂತ್ರ ಮತ್ತೆ ಗುಡುಗಿತು. ಶೀನಾ ಕಾರಿನಲ್ಲಿ ಕೂತಳು. ಹ್ಯೂಗಿಗೆ ಬಾಗಿಲು ತೆರೆಯಲಿಲ್ಲ, ಅವನೂ ಕೇಳಲಿಲ್ಲ. ಅಂಚಿನಲ್ಲಿ ನಿಂತು, ಬಕೆಟ್ಟು ಮೇಲೆ ತರುತ್ತಿದ್ದ ನೀಲಿ ಜೇಡಿಯನ್ನೇ ನೋಡಿದ. ಒಂದೂಕಾಲು ಗಂಟೆಯ ಮೇಲೆ ಯಂತ್ರ ನಿಂತಿತು. ಶೀನಾ ಇಳಿದು ಬಂದಳು, ಕಾಗದವನ್ನು ಪರ್ಸಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು.

ಹ್ಯೂಗಿ ಮಂಡಿಯೂರಿದ, ಕೋಲು ಇಳಿಸಿದ. ಹೆಬ್ಬೆರಳಿನ ಉಗುರನ್ನು ಗುರುತಿಗೆ ಒತ್ತಿ ಹಿಡಿದು ಮೇಲಕ್ಕೆಳೆದ.

"ಎಂಟು ಅಡಿ ಎರಡು ಅಂಗುಲ."

ಪೆನ್ನು ಕಾಗದಕ್ಕೆ ತಾಗಲಿಲ್ಲ.

"ಇನ್ನೊಂದ್ಸಲ," ಎಂದಳು ಶೀನಾ.

ಅವನು ಕೋಲಿಗೆ ಮೆತ್ತಿದ್ದ ಜೇಡಿಯನ್ನು ಕೋಟಿನ ತೋಳಿನಿಂದ ಒರೆಸಿದ. ಮತ್ತೆ ಇಳಿಸಿದ.